ಅತ್ತೆಯ ಮುಖದ ಮೇಲೆ ಕೊಬ್ಬರಿ ಧಾರಣೆ

ಫೋನಿನ ವಿಷಯ ಬಂದರೆ ನಮ್ಮ ಬೀದಿಗೆ ನಾನೇ ಕೊನೆಯ ಮಾತು. ಹೀಗೆಂದು ಬೀದಿಯವರು ಯಾರೂ ಹೇಳಿಲ್ಲ. ನಾನೇ ಹೇಳುತ್ತಿದ್ದೇನೆ. ಅರಸೀಕೆರೆಯ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಸೂಪರಿಂಟೆಂಡೆಂಟ್ ಆಗಿರುವ ನನಗೆ ದಿನವಿಡೀ ಕಂಪ್ಯೂಟರಿನ ಎದುರು ಕೂರುವ ಅಭ್ಯಾಸವಿದೆ. ಅದನ್ನು ಆನ್ ಮಾಡುವವರು, ಕೆಲಸ ಮಾಡುವವರು, ಆಫ್ ಮಾಡುವವರು ಬೇರೆ. ಎದುರು ಕೂರುವವನು ನಾನು. ಇಷ್ಟು ಅನುಭವ ಇರುವವನಿಗೆ ಅಂಗೈಯಗಲದ ಫೋನು ಯಾವ ಲೆಕ್ಕ?

ಫೋನು ಸ್ವಲ್ಪ ಹಳೆಯದು, ನಿಜ. ಆದರೆ ಅದರಲ್ಲಿ ಇಲ್ಲದ ಆ್ಯಪ್ ಇರಲಿಲ್ಲ. ಕರೆ ಮಾಡಿದವರ ನಂಬರು ನಮ್ಮಲ್ಲಿ ಇಲ್ಲದಿದ್ದರೂ ಅವರ ಹೆಸರನ್ನು ದೊಡ್ಡ ಅಕ್ಷರದಲ್ಲಿ ತೋರಿಸುವ ಆ್ಯಪ್ ಇತ್ತು. ಕಣ್ಣಿಗೆ ತಂಪಾಗಲೆಂದು ಪರದೆಗೆಲ್ಲ ಹಳದಿ ಬಣ್ಣ ಬಳಿಯುವ ಆ್ಯಪ್ ಇತ್ತು. ಪರದೆಯ ಮೇಲೆ ಸದಾ ತೇಲುತ್ತ, ಬೆರಳು ಸೋಕಿದರೆ ಏನಾದರೊಂದು ಕೆಲಸ ಮಾಡಿಬಿಡುವ ಗುಂಡನೆಯ ಬಟನ್ ಇತ್ತು. ಫೋನಿನ ಕಸ ಗುಡಿಸುವ ಆ್ಯಪ್ ಇತ್ತು. ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು, ಕೊಬ್ಬರಿ ಧಾರಣೆಯನ್ನು ಪರದೆಯ ನಡುಮಧ್ಯೆ ಪಟ್ಟಿಯಂತೆ ಓಡಿಸುವ ಆ್ಯಪ್. ನಮಗಿರುವುದು ಹಿತ್ತಲಲ್ಲಿ ಎರಡೇ ತೆಂಗಿನ ಮರ. ಅದರ ಕಾಯಿ ಚಟ್ನಿಗೇ ಸಾಲುವುದಿಲ್ಲ. ಆದರೂ ಅರಸೀಕೆರೆಯಲ್ಲಿ ಹುಟ್ಟಿ ಕೊಬ್ಬರಿ ಧಾರಣೆ ಗೊತ್ತಿಲ್ಲ ಎಂದರೆ ಮರ್ಯಾದೆ ಉಳಿಯುತ್ತದೆಯೇ!

ಈ ಆ್ಯಪ್‌ಗಳೆಲ್ಲ ಫೋನಿಗೆ ಬಂದು ಸೇರಿದ ದಿನ ನನ್ನೆದುರು ವಿನಯದಿಂದ ಒಂದೇ ಪ್ರಶ್ನೆ ಕೇಳಿದ್ದವು: "ಬೇರೆ ಆ್ಯಪ್‌ಗಳ ಮೇಲೆ ಕಾಣಿಸಿಕೊಳ್ಳಲು ಅನುಮತಿ ಕೊಡುವಿರಾ?"

ಅನುಮತಿ! ನಮ್ಮ ಮನೆಯಲ್ಲಿ ಟಿವಿ ಚಾನೆಲ್ಲಿನಿಂದ ಹಿಡಿದು ಸಾರಿನ ಖಾರದವರೆಗೆ ಯಾವುದಕ್ಕೂ ನನ್ನ ಅನುಮತಿ ಕೇಳುವ ಪದ್ಧತಿ ಇಲ್ಲ. ಆಫೀಸಿನಲ್ಲಿ ರಜೆಗೆ, ಪರ್ಮಿಷನ್ನಿಗೆ, ಕೊನೆಗೆ ಫ್ಯಾನು ಜೋರು ಮಾಡಲಿಕ್ಕೂ ನಾನೇ ಇನ್ನೊಬ್ಬರನ್ನು ಕೇಳಬೇಕು. ಅಂಥದ್ದರಲ್ಲಿ ಯಾರೋ ಇಷ್ಟು ಗೌರವದಿಂದ ಕೇಳುವಾಗ ಇಲ್ಲ ಎನ್ನುವುದು ಹೇಗೆ? ಪೂರ್ತಿ ಓದುವ ಗೋಜಿಗೂ ಹೋಗದೆ ಎಲ್ಲರಿಗೂ ಧಾರಾಳವಾಗಿ ಅನುಮತಿ ದಯಪಾಲಿಸಿದೆ.

ಹೀಗೆ ನೆಮ್ಮದಿಯಾಗಿದ್ದ ಕಾಲದಲ್ಲಿ ಮಗಳು ಕಾವ್ಯಳಿಗೆ ಬೇಲೂರಿನಿಂದ ಒಂದು ಸಂಬಂಧ ಕೂಡಿಬಂತು. ಕಾವ್ಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಾಳೆ. ಹುಡುಗ ಪ್ರದೀಪ, ಬಿಕ್ಕೋಡಿನ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ಮ್ಯಾನೇಜರ್. ಇಬ್ಬರೂ ಫೋನಿನಲ್ಲಿ ಒಂದೆರಡು ಸಲ ಮಾತಾಡಿದ್ದರು. ಮಾತು ಮುಗಿಸಿ ಬಂದಾಗ ಮಗಳು ಸುಮ್ಮಸುಮ್ಮನೆ ಪಾತ್ರೆ ತೊಳೆಯುತ್ತಿದ್ದಳು, ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದಳು. ಹೆಂಡತಿ ಗಿರಿಜಾ ನನ್ನ ಕಿವಿಯಲ್ಲಿ, "ಇವಳಿಗೆ ಒಪ್ಪಿಗೆ ಕಣ್ರೀ" ಎಂದಳು.

ಆದರೆ ಒಪ್ಪಬೇಕಾದವರು ಬೇರೊಬ್ಬರಿದ್ದರು. ನಮ್ಮ ಅತ್ತೆ, ಅಂದರೆ ಗಿರಿಜಾಳ ತಾಯಿ. ಬಾಣಾವರದಲ್ಲಿ ಮಗ ಮಹೇಶನ ಜೊತೆ ಇದ್ದಾರೆ. ನಮ್ಮ ಬಳಗದಲ್ಲಿ ಅವರು ತಲೆ ಆಡಿಸದೆ ಒಂದು ನಾಮಕರಣವೂ ನಡೆಯುವುದಿಲ್ಲ. ಕಾವ್ಯಳಿಗೆ ಮೊದಲು ಬಂದಿದ್ದ ಒಂದು ಸಂಬಂಧವನ್ನು, ಫೋಟೋದಲ್ಲಿ ಹುಡುಗ ಜಾಸ್ತಿ ನಗುತ್ತಾನೆ ಎಂದು ತಳ್ಳಿದ್ದರು. ಇನ್ನೊಂದನ್ನು, ಹುಡುಗ ನಗುವುದೇ ಇಲ್ಲ ಎಂದು ತಳ್ಳಿದ್ದರು. ಈಗ ಕಾಲು ಮುರಿದು ಮಂಚ ಹಿಡಿದಿದ್ದರೂ ಷರತ್ತು ಮಾತ್ರ ಗಟ್ಟಿಯಾಗಿತ್ತು.

"ಫೋಟೋ ಗೀಟೋ ನಂಗೆ ಬ್ಯಾಡ. ಹುಡುಗನ್ನ ನಾನೇ ನೋಡ್ಬೇಕು, ಮಾತಾಡ್ಸಬೇಕು. ಆಮೇಲೆ ಹೇಳ್ತೀನಿ."

ನಾನು ಎದೆ ಸೆಟೆಸಿ ಹೇಳಿದೆ: "ವಿಡಿಯೋ ಕಾಲ್ ಇರೋದು ಯಾಕೆ? ನಾನು ತೋರಿಸ್ತೀನಿ. ಅದು ನನ್ನ ಜವಾಬ್ದಾರಿ!"

ಗಿರಿಜಾ ನನ್ನನ್ನೇ ನೋಡಿದಳು. "ನಿಮ್ಮ ಜವಾಬ್ದಾರಿನಾ? ಹಾಗಾದ್ರೆ ಇನ್ನೊಬ್ಬರಿಗೂ ಹೇಳಿಡೋದು ಒಳ್ಳೇದು" ಎಂದಳು. ನಾನು ಕೇಳಿಸಿಕೊಳ್ಳಲಿಲ್ಲ.

ಎರಡೂ ಕಡೆಗೆ ಅನುಕೂಲ ಎಂದು ಹಳೇಬೀಡಿನಲ್ಲಿ ಭಾನುವಾರ ಸೇರುವುದೆಂದು ನಿಶ್ಚಯವಾಯಿತು. ಸಂಜೆ ನಾಲ್ಕೂವರೆಗೆ ರಾಹುಕಾಲ. ಅಷ್ಟರೊಳಗೆ ಹುಡುಗನನ್ನು ತೋರಿಸಿ ಮುಗಿಸಬೇಕೆಂದು ಅತ್ತೆಯ ಅಪ್ಪಣೆ. ಶನಿವಾರ ನಾನು ಬಾಣಾವರಕ್ಕೆ ವಿಡಿಯೋ ಕಾಲ್ ಮಾಡಿ ಅಭ್ಯಾಸವನ್ನೂ ಮಾಡಿದೆ. ಏನೊಂದೂ ಕೆಡಲಿಲ್ಲ. ಅಲ್ಲಿಗೇ ಸುಮ್ಮನಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಯಾರೋ ಒಂದು ಸಂದೇಶ ಕಳಿಸಿದರು. ಫೋನಿನ ಕ್ಯಾಮೆರಾದಿಂದ ಕಳ್ಳರು ನಮ್ಮನ್ನು ನೋಡುತ್ತಾರಂತೆ, ಮೈಕಿನಿಂದ ಮಾತು ಕದಿಯುತ್ತಾರಂತೆ. ನಾನು ಬನಿಯನ್ನಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ. ತಕ್ಷಣ ಟವೆಲ್ ಹೊದ್ದುಕೊಂಡೆ. ಶುಭಕಾರ್ಯಕ್ಕೆ ಹೊರಟಿರುವಾಗ ಅಪಾಯ ಯಾಕೆಂದು ಸೆಟ್ಟಿಂಗ್ಸ್ ಒಳಗೆ ಹೋಗಿ, ಕ್ಯಾಮೆರಾ ಮತ್ತು ಮೈಕಿನ ಅನುಮತಿ ಯಾರ್ಯಾರಿಗೆ ಇತ್ತೋ ಅವರೆಲ್ಲರಿಂದ ಕಿತ್ತುಕೊಂಡೆ. ವಿಡಿಯೋ ಕಾಲ್ ಮಾಡುವ ಆ್ಯಪ್ ಕೂಡ ಅದರಲ್ಲಿ ಸೇರಿತ್ತು. ಅದು ಆಗ ನನಗೆ ಹೊಳೆಯಲಿಲ್ಲ. ಕೆಲಸಕ್ಕೆ ಬೇಕಾದವರ ಅನುಮತಿ ಕಿತ್ತುಕೊಂಡು, ಕೆಲಸಕ್ಕೆ ಬಾರದವರನ್ನೆಲ್ಲ ತಲೆಯ ಮೇಲೆ ಕೂರಿಸಿಕೊಂಡು ನಾನು ಹಳೇಬೀಡಿಗೆ ಹೊರಟೆ.

ಹೊರಡುವಾಗ ಕಾವ್ಯ ತನ್ನ ಫೋನು ತೆಗೆದುಕೊಂಡಳು. ಗಿರಿಜಾ ಕಿತ್ತು ಬೀರುವಿನಲ್ಲಿಟ್ಟಳು. "ಇವತ್ತೊಂದು ದಿನ ಬೇಡ ಕಣೇ. ಅವರೆದುರಿಗೆ ಅದನ್ನೇ ತಿಕ್ತಾ ಕೂತ್ರೆ ಚೆನ್ನಾಗಿರಲ್ಲ." ಗಿರಿಜಾಳ ಹತ್ತಿರ ಇರುವುದು ಬಟನ್ ಒತ್ತುವ ಹಳೇ ಫೋನು. ಹೀಗೆ ಹೆಣ್ಣಿನ ಕಡೆಯ ಸಮಸ್ತ ತಂತ್ರಜ್ಞಾನವೂ ನನ್ನ ಜೇಬಿನೊಳಗೆ ಇತ್ತು.

ದೇವಸ್ಥಾನ ನೋಡಿಕೊಂಡು, ಹೊರಗೆ ಕೆರೆಯ ಪಕ್ಕದ ಒಂದು ಮರದ ನೆರಳಲ್ಲಿ ಜಮಖಾನ ಹಾಸಿ ಎಲ್ಲರೂ ಕೂತೆವು. ಹುಡುಗನ ತಂದೆ ಗಂಗಾಧರಪ್ಪನವರು ಬೇಲೂರಿನಲ್ಲಿ ದಿನಸಿ ಅಂಗಡಿ ಇಟ್ಟವರು. ದಪ್ಪ ಮೀಸೆ, ದಪ್ಪ ದನಿ. ತಾಯಿ ಮಂಗಳಮ್ಮ ಮಾತಿಗೆ ಮೊದಲೇ ನಗುವ ಹೆಂಗಸು. ಪ್ರದೀಪ ಬಿಳಿ ಶರಟು ಹಾಕಿ, ಕೈ ಎಲ್ಲಿಡುವುದೆಂದು ತಿಳಿಯದೆ ಮಂಡಿಯ ಮೇಲೆ ಇಟ್ಟುಕೊಂಡು ಕೂತಿದ್ದ. ಗಿರಿಜಾ ಟಿಫನ್ ಕ್ಯಾರಿಯರ್ ಬಿಚ್ಚಿ ಕೋಡುಬಳೆ, ಒಬ್ಬಟ್ಟು ಹಂಚಿದಳು. ಗಂಗಾಧರಪ್ಪನವರು, "ಎಳನೀರು ತತ್ತೀನಿ, ತಡೀರಿ" ಎಂದು ರಸ್ತೆಯ ಕಡೆ ಹೋದರು.

"ಇನ್ನೇನು ರಾಹುಕಾಲ ಬರುತ್ತೆ. ಅಮ್ಮನಿಗೆ ಕಾಲ್ ಮಾಡ್ರೀ" ಎಂದಳು ಗಿರಿಜಾ.

ನಾನು ಕನ್ನಡಕ ಏರಿಸಿ, ಫೋನು ತೆಗೆದು, ಎಲ್ಲರಿಗೂ ಕಾಣುವಂತೆ ಹಿಡಿದು, ಬಾಣಾವರಕ್ಕೆ ಕರೆ ಮಾಡಿದೆ. ಪರದೆಯ ಮೇಲೆ ಅತ್ತೆ ಪ್ರತ್ಯಕ್ಷರಾದರು. ಕೆನ್ನೆಯಿಂದ ಕೆನ್ನೆಗೆ, ಮೂಗಿನ ಕೆಳಗೆ, ಕೊಬ್ಬರಿ ಧಾರಣೆ ಓಡುತ್ತಿತ್ತು. ಎಡಗಣ್ಣಿನ ಮೇಲೆ ಗುಂಡನೆಯ ಬಟನ್ ಕೂತಿತ್ತು.

ಗಿರಿಜಾ ಬೆಚ್ಚಿಬಿದ್ದಳು. "ಅಯ್ಯೋ, ಅಮ್ಮನ ಮುಖ ಯಾಕ್ರೀ ಇಷ್ಟು ಹಳದಿ ಆಗಿದೆ?"

ಕಣ್ಣಿನ ತಂಪಿಗೆಂದು ತಿಂಗಳುಗಟ್ಟಲೆ ಹಳದಿ ಪರದೆ ನೋಡಿ ನನಗದು ಮರೆತೇಹೋಗಿತ್ತು. ನಾನು ಮುಖ ಗಂಭೀರ ಮಾಡಿಕೊಂಡು ದಿಟ್ಟಿಸಿ ನೋಡಿದೆ. ಹೌದು, ಹಳದಿಯೇ.

"ಕಾಮಾಲೆ ಇರಬಹುದು" ಎಂದೆ.

ಅಷ್ಟು ಸಾಕಾಯಿತು! ಗಿರಿಜಾ ತನ್ನ ಬಟನ್ ಫೋನಿನಿಂದ ಮಹೇಶನ ಜೇಬಿನಲ್ಲಿರುವ ಇನ್ನೊಂದು ಫೋನಿಗೆ ಕರೆ ಮಾಡಿ, "ಲೋ ಮಹೇಶ, ಅಮ್ಮನಿಗೆ ಕಾಮಾಲೆ ಆಗಿದೆಯಂತೆ ಕಣೋ! ಕಣ್ಣು ನೋಡೋ!" ಎಂದು ಕೂಗಿದಳು. ಮರುಕ್ಷಣ ನನ್ನ ಪರದೆಯ ಮೇಲೆ ಮಹೇಶ ಕಾಣಿಸಿಕೊಂಡ. ತಾಯಿಯ ಕಣ್ಣಿನ ರೆಪ್ಪೆ ಎಳೆದ. ಅತ್ತೆ ಅವನ ಕೈಗೆ ಫಟಾರನೆ ಬಾರಿಸಿದರು. ಅವನು ನಾಲಿಗೆ ತೋರಿಸು ಎಂದು ಸನ್ನೆ ಮಾಡಿದ. ಅತ್ತೆ ತೋರಿಸಿದರು. ಅದು ವೈದ್ಯರಿಗೆ ತೋರಿಸುವ ರೀತಿಯಲ್ಲಿ ಇರಲಿಲ್ಲ.

ಮಂಗಳಮ್ಮ ಕಳವಳದಿಂದ, "ಕಾಮಾಲೆಗೆ ನಮ್ಮ ಬೇಲೂರ ಕಡೆ ಒಬ್ರು ಸೊಪ್ಪಿನ ಔಷಧಿ ಕೊಡ್ತಾರೆ, ಭಾಳ ಚೆನ್ನಾಗೈತೆ" ಎನ್ನತೊಡಗಿದವರು ನನ್ನ ಫೋನಿಗೆ ಬಗ್ಗಿ ನೋಡಿ ನಿಲ್ಲಿಸಿದರು. "ಅಲ್ಲಾ, ನಿಮ್ಮ ಭಾಮೈದಂಗೂ ಆಗೈತಲ್ಲ. ಗೋಡೆಗೂ ಆಗೈತೆ. ಹಿಂದಿರೋ ಫ್ರಿಜ್ಜೂ ಹಳದಿ."

ಪ್ರದೀಪ ಮೆಲ್ಲಗೆ ಕೆಮ್ಮಿದ. "ಅಂಕಲ್, ಅದು ಫೋನಿನ ಬಣ್ಣ ಅನ್ಸುತ್ತೆ."

ಕಾವ್ಯ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ನಾಚಿಕೆಯಿರಬೇಕು ಎಂದುಕೊಂಡೆ. ಭುಜ ಕುಣಿಯುತ್ತಿದ್ದುದನ್ನು ಆಮೇಲೆ ಗಮನಿಸಿದೆ.

ಕಾಮಾಲೆಯೇನೋ ವಾಸಿಯಾಯಿತು. ಆದರೆ ಗಿರಿಜಾಳ ಫೋನಿನಿಂದ ಮಹೇಶನ ಸ್ವರ ಬಂತು: "ಅಕ್ಕಾ, ನಮಗೇನೂ ಕಾಣ್ತಿಲ್ಲ, ಏನೂ ಕೇಳಿಸ್ತಿಲ್ಲ. ಭಾವ ಕ್ಯಾಮೆರಾ ಆಫ್ ಮಾಡಿದಾರೆ ನೋಡು."

ಆಗ ನನಗೆ ಬೆಳಗಿನ ಸಾಹಸ ನೆನಪಾಯಿತು. ಬೆವರಿತು. ಆದರೆ ತೋರಿಸಿಕೊಳ್ಳುವುದುಂಟೆ? "ಒಂದು ಅನುಮತಿ ಕೊಡೋದಿದೆ, ಅಷ್ಟೇ" ಎಂದು ನಗುತ್ತ, ಕ್ಯಾಮೆರಾದ ಅನುಮತಿ ಕೊಡಲು ಬೆರಳಿಟ್ಟೆ.

ಫೋನು ಕೊಡಲು ಬಿಡಲಿಲ್ಲ! ಬದಲಿಗೆ ಹೀಗೆ ಹೇಳಿತು: "ಪರದೆಯನ್ನು ಬೇರೊಂದು ಆ್ಯಪ್ ಆವರಿಸಿರುವುದು ಪತ್ತೆಯಾಗಿದೆ. ಅನುಮತಿ ಬದಲಿಸುವ ಮೊದಲು ಅದನ್ನು ಆಫ್ ಮಾಡಿ."

ಪತ್ತೆಯಾಗಿದೆಯಂತೆ! ಕಳ್ಳಮಾಲು ಹಿಡಿದ ಪೊಲೀಸರ ಭಾಷೆ. ನನ್ನ ಫೋನು, ನನ್ನ ಅನುಮತಿ, ನನ್ನ ಹೆಬ್ಬೆರಳು. ಮಧ್ಯೆ ಇವನ್ಯಾರು? ಸರಿ ಎಂದು ಒತ್ತಿ ಮತ್ತೆ ಅನುಮತಿ ಕೊಟ್ಟೆ. ಮತ್ತೆ ಪತ್ತೆಯಾಯಿತು. ಇನ್ನೂ ಜೋರಾಗಿ ಒತ್ತಿದೆ. ಇನ್ನೂ ಬೇಗ ಪತ್ತೆಯಾಯಿತು. ಹಲ್ಲು ಕಚ್ಚಿಕೊಂಡು ಸೆಟ್ಟಿಂಗ್ಸ್ ಒಳಗೆ ಹೋದೆ. ಅಲ್ಲಿ ಉದ್ದದ ಪಟ್ಟಿ, ಪ್ರತಿ ಸಾಲಿಗೂ ಒಂದು ಸ್ವಿಚ್ಚು. ಯಾವ ಸ್ವಿಚ್ಚಿಗೆ ಬೆರಳಿಡಲು ಹೋದರೂ ಆ ಗುಂಡು ಬಟನ್ ಉರುಳಿಕೊಂಡು ಬಂದು ಅದರ ಮೇಲೇ ಕೂರುತ್ತಿತ್ತು. ಒತ್ತಿದೆ. ಟಾರ್ಚ್ ಹತ್ತಿಕೊಂಡು, ಉರಿಬಿಸಿಲಲ್ಲಿ ಮಂಗಳಮ್ಮನವರ ಕಣ್ಣಿಗೆ ಬೆಳಕು ಹೊಡೆಯಿತು. ಮತ್ತೆ ಒತ್ತಿದೆ. ಕಚಕ್ ಎಂದು ಪರದೆಯ ಫೋಟೋ ತೆಗೆಯಿತು.

"ಅಂಕಲ್, ನನ್ನ ಫೋನಿಂದ ಮಾಡೋಣ್ವಾ?" ಎಂದ ಪ್ರದೀಪ.

"ಛೆ ಛೆ! ಹೆಣ್ಣಿನ ಕಡೆಯವರು ನಾವು. ಮೊದಲ ಭೇಟಿಯಲ್ಲೇ ಹುಡುಗನ ಇಂಟರ್ನೆಟ್ ಖರ್ಚು ಮಾಡಿಸಿದರೆ ನಾಳೆ ನಾಲ್ಕು ಜನ ಏನಂದಾರು?"

"ಅಪ್ಪ, ನಾನು ನೋಡ್ಲಾ?" ಎಂದಳು ಕಾವ್ಯ.

"ನೀನು ತಲೆ ತಗ್ಗಿಸಿ ಕೂತ್ಕೋ!" ಎಂದೆ.

ಆ ಗಳಿಗೆಯಲ್ಲೇ ಫೋನು ರಿಂಗಾಯಿತು. ನಾವು ಬಿಸಿಲು ಬಂತೆಂದು ಪಕ್ಕದ ಮರಕ್ಕೆ ಜಾಗ ಬದಲಿಸಿದ್ದೆವು. ಎಳನೀರು ಹಿಡಿದು ಬಂದ ಗಂಗಾಧರಪ್ಪನವರು, ನಾವು ಕಾಣದೆ ನನಗೆ ಕರೆ ಮಾಡಿದ್ದರು. ಅವರ ನಂಬರನ್ನು ನಾನು ಫೋನಿನಲ್ಲಿ ಬರೆದಿಟ್ಟುಕೊಂಡಿರಲಿಲ್ಲ. ಅದಕ್ಕೇ ಆ್ಯಪ್ ಇದೆಯಲ್ಲ! ಅದು ತನ್ನ ಕರ್ತವ್ಯವನ್ನು ನಿಷ್ಠೆಯಿಂದ ಮಾಡಿತು. ಸೆಟ್ಟಿಂಗ್ಸನ್ನೂ ಧಾರಣೆಯನ್ನೂ ಪಕ್ಕಕ್ಕೆ ತಳ್ಳಿ, ಪರದೆಯ ತುಂಬ ದೊಡ್ಡ ಅಕ್ಷರಗಳನ್ನು ಮೂಡಿಸಿತು. ನನ್ನ ಪಕ್ಕದಲ್ಲೇ ಬಗ್ಗಿ ಕೂತಿದ್ದ ಮಂಗಳಮ್ಮ, ಕನ್ನಡಕವಿಲ್ಲದ ಕಾರಣ ಬಿಡಿಸಿ ಬಿಡಿಸಿ ಗಟ್ಟಿಯಾಗಿ ಓದಿದರು.

"ಜ...ಗಳ...ಗಂಟ... ಗಂಗಣ್ಣ... ಬೇಲೂರು."

ಗಿರಿಜಾ ಕೈಯಲ್ಲಿದ್ದ ಒಬ್ಬಟ್ಟನ್ನು ಕೆಳಗಿಟ್ಟಳು. ಕರೆ ನಿಂತಿತು. ಹೆಸರು, ಅದರ ಕೆಳಗಿನ ನಂಬರು ನಿಂತೇ ಇದ್ದವು.

"ಇದೇನ್ರೀ ಇದು? ನಮ್ಮ ಯಜಮಾನ್ರ ನಂಬರು!" ಎಂದರು ಮಂಗಳಮ್ಮ. ಮೊದಲ ಸಲ ಅವರ ಮುಖದಲ್ಲಿ ನಗುವಿರಲಿಲ್ಲ.

"ಅದು ನಾನು ಬರೆದಿದ್ದಲ್ಲ ತಾಯಿ!" ಎಂದು ತೊದಲಿದೆ. "ಆ ನಂಬರು ಯಾರ್ಯಾರ ಫೋನಲ್ಲಿ ಏನೇನು ಹೆಸರಲ್ಲಿ ಐತೋ ನೋಡಿ, ಆ್ಯಪ್ ತಾನೇ ಆರಿಸಿ ತೋರಿಸುತ್ತೆ. ನನ್ನ ಅಭಿಪ್ರಾಯ ಅಲ್ಲ. ಇದು ಇಡೀ ಊರಿನ ಅಭಿಪ್ರಾಯ!"

ಸಮಾಧಾನ ಹೇಳುವ ಕಲೆಯಲ್ಲಿ ನನಗಿರುವ ಪರಿಣತಿ ಇಷ್ಟು.

ಎರಡೂ ಕೈಯಲ್ಲಿ ಎಳನೀರು ಹಿಡಿದ ಗಂಗಾಧರಪ್ಪನವರು ಆಗಲೇ ಹಿಂದೆ ಬಂದು ನಿಂತಿದ್ದರು. ಪೂರ್ತಿ ಕೇಳಿಸಿಕೊಂಡಿದ್ದರು. ಮೀಸೆ ಅದುರಿತು.

"ಏನ್ ಸ್ವಾಮಿ! ನಾನು ಜಗಳಗಂಟನಾ? ಯಾವೋನು ಹಂಗಂದೋನು? ಈಗ್ಲೇ ಕರೀರಿ ಅವನ್ನ! ಇಲ್ಲೇ ಇತ್ಯರ್ಥ ಆಗ್ಲಿ!"

"ಅಪ್ಪ, ಕೂತ್ಕೊಳಿ" ಎಂದ ಪ್ರದೀಪ.

"ಏನ್ಲಾ ಕೂತ್ಕೊಳೋದು? ಹೆಣ್ಣು ನೋಡಕೆ ಕರೆಸಿ ಹಿಂಗಾ ಮಾನ ಕಳೆಯೋದು? ಮಂಗಳಾ, ಏಳೇ, ಹೊರಡಣ!"

ಕಾವ್ಯಳ ಭುಜ ಕುಣಿಯುವುದು ನಿಂತಿತು. ಅವಳ ಮುಖ ನೋಡಿದೆ. ಬಿಳಿಚಿಕೊಂಡಿತ್ತು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದ ಮಗಳು. ಒಂದು ಫೋನು ಹಿಡಿದುಕೊಂಡು ನಾನು ಎಂಥ ಕೆಲಸ ಮಾಡಿಬಿಟ್ಟೆ!

"ಸ್ವಲ್ಪ ತಡೀರಿ" ಎಂದು ಎದ್ದು ನಿಂತೆ. "ಈ ಆ್ಯಪ್ ಎಂಥ ಸುಳ್ಳುಬುರುಕ ಅಂತ ಈಗ್ಲೇ ತೋರಿಸ್ತೀನಿ. ಇದರಲ್ಲಿ ನನ್ನ ನಂಬರೇ ಹಾಕ್ತೀನಿ, ನೋಡಿ!"

ನನ್ನ ಮನಸ್ಸಿನಲ್ಲಿ ಇದ್ದದ್ದು, ಚನ್ನಬಸಪ್ಪ, ಸೂಪರಿಂಟೆಂಡೆಂಟ್ ಎಂದು ಬರಬಹುದು, ಗೌರವದ ಮೇಲೆ ಮಾತು ತಿರುಗಿಸಬಹುದು ಎಂದು. ನಂಬರು ಒತ್ತಿ ಫೋನನ್ನು ಎಲ್ಲರ ಕಡೆ ತಿರುಗಿಸಿ ಹಿಡಿದೆ. ಈ ಸಲ ಓದಿದವರು ಗಂಗಾಧರಪ್ಪನವರು.

"ಚನ್ನಣ್ಣ ಕೊರೆತ. ಎತ್ತಬೇಡ."

ಓದಿ ಮುಗಿಸಿದ ಗಂಗಾಧರಪ್ಪನವರ ಹೊಟ್ಟೆಯೊಳಗಿನಿಂದ ಏನೋ ಉರುಳಿಕೊಂಡು ಬಂದಂತೆ ನಗು ಹೊರಟಿತು. ಎಳನೀರು ಚೆಲ್ಲಿತು. ಮಂಗಳಮ್ಮ ನಕ್ಕರು. ನನ್ನ ಕೈಹಿಡಿದ ಹೆಂಡತಿ ಗಿರಿಜಾ ಎಲ್ಲರಿಗಿಂತ ಜೋರಾಗಿ ನಕ್ಕಳು.

"ನಂದೇ ವಾಸಿ ಬಿಡಿ ಸ್ವಾಮಿ" ಎಂದು ಗಂಗಾಧರಪ್ಪನವರು ಕಣ್ಣೊರೆಸಿಕೊಂಡು ಕೂತರು. "ಜಗಳಗಂಟನ ಫೋನು ಜನ ಎತ್ತುತಾರೆ, ಹೆದ್ರಿಕೊಂಡಾದ್ರೂ!"

ನನ್ನ ಮಾನ ಹೋಗಿ ಮಗಳ ಸಂಬಂಧ ಉಳಿಯಿತು. ಆಫೀಸಿನ ಹನ್ನೆರಡು ಜನರಲ್ಲಿ ಆ ಹೆಸರು ಬರೆದಿಟ್ಟುಕೊಂಡವನು ಯಾರೆಂದು ಈಗಲೂ ಹುಡುಕುತ್ತಿದ್ದೇನೆ. ಎಲ್ಲರ ಮೇಲೂ ಅನುಮಾನವಿದೆ.

ಇಷ್ಟಾದ ಮೇಲೆ ಫೋನನ್ನು ಪ್ರದೀಪನ ಕೈಗೆ ಕೊಡದೆ ದಾರಿ ಇರಲಿಲ್ಲ. ಅವನು ಅವಸರ ಮಾಡಲಿಲ್ಲ. ಮೊದಲು ಗುಂಡು ಬಟನ್ನನ್ನು ಬೆರಳಲ್ಲಿ ಎಳೆದು ಮೂಲೆಗೆ ಬಿಟ್ಟ. ಸೆಟ್ಟಿಂಗ್ಸ್, ಅದರೊಳಗೆ ಆ್ಯಪ್‌ಗಳು, ಅದರೊಳಗೆ ಬೇರೆ ಆ್ಯಪ್‌ಗಳ ಮೇಲೆ ಕಾಣಿಸಿಕೊಳ್ಳುವವರ ಪಟ್ಟಿ ಎಂದು ನನಗೆ ತೋರಿಸುತ್ತಲೇ ಹೋದ. ಒಂದು ಸ್ವಿಚ್ ಆಫ್ ಮಾಡಿದ. ಹಳದಿ ಮಾಯ. ಇನ್ನೊಂದು, ಧಾರಣೆ ಮಾಯ. ಮತ್ತೊಂದು, ಬಟನ್ ಮಾಯ. ಹೆಸರು ತೋರಿಸುವ ದುಷ್ಟನೂ ತೊಲಗಿದ. ಆಮೇಲೆ ಕ್ಯಾಮೆರಾಕ್ಕೆ ಅನುಮತಿ ಕೊಟ್ಟ. ಫೋನು ತುಟಿಪಿಟಕ್ ಅನ್ನಲಿಲ್ಲ. ಮೈಕಿಗೂ ಕೊಟ್ಟ. ಬಾಣಾವರಕ್ಕೆ ಮತ್ತೆ ಕರೆ ಮಾಡಿದ. ಅತ್ತೆಯ ಕಡೆ ರಿಂಗಾಯಿತು.

ಅಷ್ಟರಲ್ಲಿ ಪರದೆಯ ತುಂಬ ಒಂದು ಪೊರಕೆಯ ಚಿತ್ರ ಬಂದು ನಿಂತಿತು. "ಎಚ್ಚರ! ನಿಮ್ಮ ಫೋನಿನಲ್ಲಿ ಬೆಟ್ಟದಷ್ಟು ಕಸವಿದೆ!" ಕಸ ಗುಡಿಸುವ ಆ್ಯಪ್. ಪಟ್ಟಿಯಲ್ಲಿ ಬೇರೆ ಯಾವುದೋ ಹೆಸರಿನಲ್ಲಿ ಅಡಗಿ ಕೂತಿದ್ದು ಪ್ರದೀಪನ ಕಣ್ಣಿಗೂ ಬಿದ್ದಿರಲಿಲ್ಲ. ಎಲ್ಲಿ ಒತ್ತಿದರೂ ಅದು ಕದಲಲಿಲ್ಲ.

"ಹ್ಯಾಂಗ್ ಆಗಿದೆ ಅಂಕಲ್. ಸ್ವಲ್ಪ ಹೊತ್ತು ಬಿಡೋಣ" ಎಂದು ಫೋನನ್ನು ಟಿಫನ್ ಕ್ಯಾರಿಯರಿಗೆ ಒರಗಿಸಿ ನಮ್ಮ ಕಡೆ ಮುಖ ಮಾಡಿ ನಿಲ್ಲಿಸಿದ.

"ಅಲ್ಲಪ್ಪ, ನನ್ನ ಫೋನಿಗೆ ನಾನು ಕೊಡೋ ಅನುಮತಿಯನ್ನ ಅದು ಬೇಡ ಅನ್ನೋದು ಯಾಕೆ?" ಎಂದು ನಾನು ಕೇಳಿದೆ.

"ನಿಮ್ಮ ಒಳ್ಳೇದಕ್ಕೇ ಅಂಕಲ್. ಆಫೀಸಲ್ಲಿ ಯಾರೋ ಒಂದು ಕಾಗದದ ಮೇಲೆ ಇನ್ನೊಂದು ಕಾಗದ ಇಟ್ಟು ನಿಮ್ಮ ಹತ್ರ ಸೈನ್ ಹಾಕಿಸ್ಕೊಂಡ್ರೆ ಏನಾಗುತ್ತೆ? ಮೇಲೆ ಕಾಣೋದು ಒಂದು, ಸೈನ್ ಬೀಳೋದು ಇನ್ನೊಂದರ ಮೇಲೆ. ಇಲ್ಲೂ ಹಾಗೇ. ಒಂದು ಆ್ಯಪ್ ಮೇಲೆ ಕೂತು ಏನೋ ತೋರಿಸ್ತಾ, ಕೆಳಗೆ ನಿಮ್ಮ ಕೈಲಿ ಏನಕ್ಕೋ ಸರಿ ಅನ್ನಿಸಬಹುದು. ಅದಕ್ಕೇ ಮೇಲಿರೋರು ಮೊದಲು ಪಕ್ಕಕ್ಕೆ ಹೋಗ್ಲಿ ಅನ್ನುತ್ತೆ."

"ಹಾಗಾದರೆ ಎಲ್ಲಾ ಕೆಟ್ಟವೇನಾ?"

"ಎಲ್ಲಾ ಅಲ್ಲ. ದಾರಿ ತೋರಿಸೋ ಆ್ಯಪ್ಪಿಗೆ ಬೇಕಾಗಬಹುದು. ಬೇಕಾದೋರಿಗೆ ಮಾತ್ರ ಕೊಡಿ, ಕೆಲಸ ಆದ್ಮೇಲೆ ತೆಗೀರಿ."

"ಅಂದರೆ ಕೊಬ್ಬರಿ ಧಾರಣೆ?"

"ನಿಮ್ದು ತೋಟ ಎಷ್ಟಿದೆ ಅಂಕಲ್?"

"ಎರಡು ಮರ."

ಪ್ರದೀಪ ನಗಲಿಲ್ಲ. ಎರಡು ಮರಕ್ಕೆ ಧಾರಣೆಯ ಅವಶ್ಯಕತೆ ಅಷ್ಟಾಗಿ ಇಲ್ಲವೆಂದು ನನಗೆ ನೋವಾಗದಂತೆ ವಿವರಿಸಿದ. ನಾನು ಎಲ್ಲವನ್ನೂ ಅರ್ಥ ಮಾಡಿಕೊಂಡೆ. ಅರ್ಥವಾದದ್ದು ಗಟ್ಟಿಯಾಗಲಿ ಎಂದು ಮೊದಲಿನಿಂದ ಮತ್ತೆ ಕೇಳಿದೆ. ಅವನು ಮೊದಲಿನಿಂದ ಮತ್ತೆ ಹೇಳಿದ. ಕಾಗದದ ಉದಾಹರಣೆಯಲ್ಲಿ ಕೆಳಗಿನ ಕಾಗದ ಯಾವುದು ಎಂದು ಕೇಳಿದೆ. ಒಂದು ಕಾಗದ ತೆಗೆದು ಮಡಿಸಿ ತೋರಿಸಿದ.

ಕಾವ್ಯ ಸಣ್ಣ ದನಿಯಲ್ಲಿ, "ನಿಮಗೆ ಬೇಜಾರಾಗ್ತಿಲ್ವಾ?" ಎಂದು ಅವನನ್ನು ಕೇಳಿದಳು.

ಅವನು ಅಷ್ಟೇ ಸಣ್ಣ ದನಿಯಲ್ಲಿ, "ಎಸ್ಟೇಟಲ್ಲಿ ಒಂದು ಹಳೇ ಪಂಪ್‌ಸೆಟ್ ಇದೆ. ದಿನಾ ಬೆಳಿಗ್ಗೆ ಅದರ ಹತ್ರ ಹೀಗೇ ಮಾತಾಡಬೇಕು" ಎಂದ. ಕಾವ್ಯ ಈ ಸಲ ಸೆರಗು ಅಡ್ಡ ಹಿಡಿಯದೆಯೇ ನಕ್ಕಳು. ಪಂಪ್‌ಸೆಟ್ಟಿನ ಪ್ರಸ್ತಾಪ ಯಾಕೆ ಬಂತೆಂದು ನನಗೆ ತಿಳಿಯಲಿಲ್ಲ.

ಗಂಗಾಧರಪ್ಪನವರು ಗಡಿಯಾರ ನೋಡಿಕೊಂಡರು. "ರಾಹುಕಾಲ ಬಂದೇ ಬಿಡ್ತಲ್ಲ ಸ್ವಾಮಿ. ನಿಮ್ಮತ್ತೆಯವರು ನೋಡಲೇ ಇಲ್ಲ. ಅವರು ಒಪ್ಪದೇ ಇದ್ರೆ?"

ಬೀಗರಾಗುವವರ ಎದುರು ನಾನು ಸೋಲಬಾರದಲ್ಲ! ಕಾಲು ಮಡಚಿ ಕೂತು ಹೇಳಿದೆ: "ನಮ್ಮತ್ತೇನಾ? ಅವರ ವಿಷಯ ನನಗೆ ಬಿಡಿ. ನಕ್ಕರೆ ಯಾಕೆ ನಕ್ಕ ಅಂತಾರೆ, ನಗದಿದ್ರೆ ಯಾಕೆ ನಗ್ಲಿಲ್ಲ ಅಂತಾರೆ. ಕಾಲು ಮುರಿದ್ರೂ ದರ್ಬಾರು ಮುರಿದಿಲ್ಲ! ಆದರೆ ನಾನು ಒಂದು ಮಾತು ಹೇಳಿದ್ರೆ ಮುಗೀತು. ಬಾಣಾವರದಲ್ಲಿ ನನ್ನ ಮಾತಿಗೆ ಎದುರಾಡೋರು ಹುಟ್ಟಿಲ್ಲ."

"ರೀ, ಸಾಕು" ಎಂದಳು ಗಿರಿಜಾ.

"ಸತ್ಯ ಹೇಳೋಕೆ ಏನು ಭಯ? ಅವರ ಮುಖಕ್ಕೇ ಹೇಳ್ತೀನಿ ನಾನು!"

ಗಿರಿಜಾಳ ಬಟನ್ ಫೋನು ಬಡಿದುಕೊಳ್ಳತೊಡಗಿತು. ಮಹೇಶ. ಅವಳು ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು.

"ಅಕ್ಕಾ," ಎಂದ ಮಹೇಶ, ಉಸಿರು ಕಟ್ಟಿದವನಂತೆ. "ವಿಡಿಯೋ ಬಂದು ಆಗಲೇ ಎಷ್ಟು ಹೊತ್ತಾಯ್ತು. ಎಲ್ಲಾ ಕಾಣ್ತಾ ಐತೆ. ಎಲ್ಲಾ ಕೇಳಿಸ್ತಾನೂ ಐತೆ. ನಾನು ಹೇಳೋಣ ಅಂದ್ರೆ ಅಮ್ಮ ಬಾಯಿ ಮುಚ್ಚಿ ಹಿಡ್ಕೊಂಡಿದ್ರು. ಅಮ್ಮನಿಗೆ ಕೊಡ್ತೀನಿ."

ಎಲ್ಲರೂ ಒಟ್ಟಿಗೆ ಟಿಫನ್ ಕ್ಯಾರಿಯರ್ ಕಡೆ ತಿರುಗಿದೆವು. ನಮಗೆ ಪೊರಕೆಯ ಚಿತ್ರವೇ ಕಾಣುತ್ತಿತ್ತು. ಅದರ ಅಡಿಯಲ್ಲಿ ಕರೆ ಸೇರಿ, ಕ್ಯಾಮೆರಾ ತೆರೆದು, ಮೈಕು ತೆರೆದು, ಅತ್ತೆ ನಮ್ಮನ್ನು ನೋಡುತ್ತ ಕೂತಿದ್ದರು! ನನ್ನ ಮಾತುಗಳೆಲ್ಲ ಒಂದೊಂದಾಗಿ ನನಗೇ ನೆನಪಾದವು. ಕಾಲು, ದರ್ಬಾರು, ಬಾಣಾವರ. ಫೋನಿನ ಮುಂದಿನಿಂದ ಮೆಲ್ಲಗೆ ಪಕ್ಕಕ್ಕೆ ಸರಿದೆ.

ಸ್ಪೀಕರಿನಲ್ಲಿ ಅತ್ತೆಯ ದನಿ ಬಂತು. "ಗಿರಿಜಾ, ಕೇಳಿಸ್ತದೇನೇ? ಅಳಿಯಂದ್ರು ಹೇಳಿದ್ದೆಲ್ಲಾ ನಂಗೆ ಕೇಳಿಸ್ತು. ಅವ್ರಿಗೆ ಅದರ ಉತ್ತರ ಬಾಣಾವರಕ್ಕೆ ಬಂದಾಗ ಕೊಡ್ತೀನಿ. ಈಗ ಬ್ಯಾಡ, ಹೊರಗಿನೋರು ಅವ್ರೆ."

"ಅಮ್ಮ, ಹುಡುಗ..." ಎಂದಳು ಗಿರಿಜಾ ಅಳುಕುತ್ತ.

"ಹುಡುಗನ್ನ ನೋಡ್ದೆ. ನಾನು ಏನೇನೋ ಕೇಳ್ಬೇಕು ಅಂತಿದ್ದೆ. ಏನೂ ಬ್ಯಾಡ ಈಗ. ನಮ್ಮ ಅಳಿಯಂದ್ರು ಕೇಳಿದ್ದನ್ನೇ ಕೇಳಿದ್ರೂ ಅವನು ಒಂದು ಸಲ ಮುಖ ಸಿಂಡರಿಸ್ಲಿಲ್ಲ. ಇಪ್ಪತ್ತೇಳು ವರ್ಷದಿಂದ ನೀನು ಆ ಸಂಕಟ ಪಡ್ತಿರೋಳು, ನಿಂಗೆ ಗೊತ್ತಲ್ಲ ಅದೆಷ್ಟು ಕಷ್ಟ ಅಂತ. ನಮ್ಮ ಮಗು ನಕ್ಕಿದ್ದೂ ನೋಡ್ದೆ. ಹೂಂ ಅನ್ನು. ರಾಹುಕಾಲ ಬರೋದ್ರೊಳಗೆ ಹೂಂ ಅಂದ್ಬಿಡು."

ಗಿರಿಜಾ ಹೂಂ ಎಂದಳು. ಮಂಗಳಮ್ಮ ಕಾವ್ಯಳ ತಲೆಗೆ ಹೂ ಮುಡಿಸಿದರು. ಗಂಗಾಧರಪ್ಪನವರು ನನ್ನ ಬೆನ್ನಿಗೆ ಗುದ್ದಿ, "ನಿಮ್ಮಿಂದಾನೇ ಆಗಿದ್ದು ಸ್ವಾಮಿ ಇದು!" ಎಂದರು. ನಾನು ವಿನಯದಿಂದ ತಲೆಬಾಗಿ, "ಏನೋ, ನನ್ನ ಕೈಲಾದದ್ದು" ಎಂದೆ. ಅವರು ಹೊಗಳಿದ್ದಲ್ಲ ಎಂದು ಗಿರಿಜಾ ಬಸ್ಸಿನಲ್ಲಿ ಅರಸೀಕೆರೆ ತಲುಪುವವರೆಗೂ ವಿವರಿಸಿದಳು.

ಮದುವೆ ಚೆನ್ನಾಗಿ ಆಯಿತು. ಬಾಣಾವರದಲ್ಲಿ ನನಗೆ ಸಿಕ್ಕ ಉತ್ತರವನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಆದರೆ ಅತ್ತೆಯ ತೀರ್ಪು ಮಾತ್ರ ಬಳಗದಲ್ಲೆಲ್ಲ ಹರಡಿ, ನನಗೆ ಹಿಂದೆಂದೂ ಇಲ್ಲದ ಬೇಡಿಕೆ ಬಂದಿದೆ. ಯಾರ ಮನೆಯಲ್ಲಿ ಹುಡುಗನನ್ನು ನೋಡುವ ಕಾರ್ಯಕ್ರಮವಿದ್ದರೂ ಮೊದಲು ನನಗೆ ಹೇಳಿಕಳಿಸುತ್ತಾರೆ. "ಹುಡುಗನ ಪಕ್ಕ ಅರ್ಧ ಗಂಟೆ ಕೂತು, ಫೋನಿನ ಬಗ್ಗೆ ಏನಾದ್ರೂ ಕೇಳ್ತಾ ಇರಿ, ಅಷ್ಟೇ ಸಾಕು" ಎನ್ನುತ್ತಾರೆ. ಹೀಗೆ ಇಬ್ಬರು ಹುಡುಗರು ಪಾಸಾಗಿದ್ದಾರೆ. ಒಬ್ಬ ನೀರು ಕುಡಿದು ಬರುತ್ತೇನೆಂದು ಹೋದವನು ತಿರುಗಿ ಬರಲಿಲ್ಲ.

ಮೊನ್ನೆ ಗಿರಿಜಾಳ ಚಿಕ್ಕಮ್ಮನ ಮನೆಯಿಂದ ಇಂಥದ್ದೇ ಕರೆ ಬಂತು. ಬರುತ್ತೇನೆ, ಆದರೆ ನನ್ನ ಫೋನು ರಿಪೇರಿಗೆ ಹೋಗಿದೆ, ಏನು ಮಾಡುವುದು ಎಂದೆ.

"ಫೋನ್ ಇಲ್ದಿದ್ರೆ ಪರವಾಗಿಲ್ಲ ಅಳಿಯಂದ್ರೇ" ಎಂದರು ಅವರು. "ನೀವು ಬಂದು ಮಾತಾಡಿದ್ರೆ ಸಾಕು."